ಕ್ರೀಡಾಪಟುಗಳ ಚಿತ್ರಕಾರ ಲೀರಾಯ್ ನೀಮನ್

ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ ಮತ್ತು ಇಂಟರ್ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ನಮ್ಮ ಗಡಿಭಾಗದ ಶಾಲೆಗಳಿಂದ ಪ್ರತಿವರ್ಷ ಹುಡುಗರು ಕೂಡುವುದು ಶಿಕ್ಷಕ ಬಂಧುಗಳಿಗೆಲ್ಲ ತಿಳಿದ ಸಂಗತಿ. ಅದರಲ್ಲಿ ಸ್ಮರಣಚಿತ್ರವೆಂಬ ಒಂದು ಪತ್ರಿಕೆಯುಂಟು. ಸಂತೆ, ಜಾತ್ರೆ, ಆಟದ ಬಯಲು ಮೊದಲಾದ ವಿಷಯಗಳನ್ನು ನೆನಪಿನಿಂದ ಬರೆಯಬೇಕು. ಅದಕ್ಕಾಗಿ ಅಭ್ಯಾಸ ಮಾಡಿಸುವಾಗ ನಮ್ಮ ಹುಡುಗರಿಗೆ 'ಕುಸ್ತಿ' ಎಂಬ ವಿಷಯ ಕೊಟ್ಟು ನೋಡಿರಿ. ನೂರಕ್ಕೆ ತೊಂಬತ್ತು ಮಂದಿಯ ಹಾಳೆಯಲ್ಲಿ ಇಬ್ಬರು ಪೈಲವಾನರು ಲಗ್ನದ ಹಂದರದಲ್ಲಿ ಬೀಗರು ಕೈಹಿಡಿದು ನಿಂತಂತೆ ನೆಟ್ಟಗೆ ನಿಂತಿರುತ್ತಾರೆ. ಇದೇ ಹುಡುಗರು ಜಾತ್ರೆಯ ಫಡದಲ್ಲಿ ಹಲಗೆಯ ಸಪ್ಪಳಕ್ಕೆ ಕುಣಿಯುತ್ತ, ಯಾರ ಕಾಲು ಎಲ್ಲಿ ಸಿಕ್ಕಿತು, ಯಾರ ಬೆನ್ನು ಮಣ್ಣಿಗೆ ಹತ್ತಿತು ಎಂಬುದನ್ನು ದೊಡ್ಡವರಿಗಿಂತ ಮೊದಲು ಗುರುತಿಸುವವರು. ಕಣ್ಣಿಗೆ ಗೊತ್ತಿರುವುದು ಕೈಗೆ ಏಕೆ ಬರುವುದಿಲ್ಲ?

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನನಗೆ ಎಷ್ಟರ ಮಟ್ಟಿಗೆ ಇದೆಯೋ ಹೇಳಲಾರೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಇತಿಹಾಸ ಕಲಿಸುತ್ತಿದ್ದಾಗ ಒಬ್ಬ ಹುಡುಗನ ನೋಟುಪುಸ್ತಕದ ಹಿಂಬದಿಯ ಹಾಳೆಗಳ ತುಂಬ ಪೈಲವಾನರು, ಕ್ರಿಕೆಟ್ ಆಟಗಾರರು ಇದ್ದರು. ಮುಂಬದಿಯಲ್ಲಿ ಬಹಮನಿ ಸುಲ್ತಾನರು ಅರ್ಧಕ್ಕೇ ನಿಂತಿದ್ದರು. "ತಮ್ಮಾ, ಪೈಲವಾನರ ಚಿತ್ರಾ ಬರದ್ರ ನಾಳೆ ಯಾರ್ ನೌಕರಿ ಕೊಡ್ತಾರ?" ಎಂದು ಗದರಿಸಿ ಆ ಹಾಳೆಗಳನ್ನು ಹರಿದೆ. "ಇಲ್ರಿ ಸರ್, ಇನ್ನ ಬರಿಯೂದಿಲ್ರಿ" ಎಂದ. ಬರೆಯಲೂ ಇಲ್ಲ. ಹತ್ತನೆಯ ಇಯತ್ತೆಯ ನಂತರ ಶಾಲೆ ಬಿಟ್ಟು, ಹೆದ್ದಾರಿಯ ಬದಿಯಲ್ಲಿ ಅಂಗಡಿಯ ಬೋರ್ಡು, ಟ್ರಕ್ಕುಗಳ ನಂಬರು ಬರೆಯುವ ಕೆಲಸ ಹಿಡಿದ. ಈಗ ಫ್ಲೆಕ್ಸ್ ಬಂದ ಮೇಲೆ ಅದೂ ಕಡಿಮೆಯಾಗಿದೆ. ಕಂಡಾಗ ನಮಸ್ಕಾರ ಮಾಡುತ್ತಾನೆ. ಅವನಿಗೆ ಆ ಮಾತು ನೆನಪಿದೆಯೋ ಇಲ್ಲವೋ, ನನಗಂತೂ ಇದೆ.

ಕೆಲವು ವರ್ಷಗಳ ಕೆಳಗೆ ಲೀರಾಯ್ ನೀಮನ್ ಎಂಬ ಅಮೆರಿಕದ ಚಿತ್ರಕಾರರ ಜೀವನವೃತ್ತಾಂತವನ್ನು ಓದುವ ಪ್ರಸಂಗ ಬಂತು. ಇವರು ಬಾಲ್ಯದಲ್ಲಿ ಕಿರಾಣಿ ಅಂಗಡಿಯ ಕಿಟಕಿಗಾಜಿನ ಮೇಲೆ ಚಿತ್ರ ಬರೆದು ಕಾಸು ಗಳಿಸಿದವರು. ಮುಂದೆ ಆಟಗಾರರ ಚಿತ್ರಗಳನ್ನೇ ಬರೆದು ಜಗತ್ಪ್ರಸಿದ್ಧರಾದವರು. ನನ್ನ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಸಿಗುವಂತಿರಲಿಲ್ಲ. ಪ್ರಸ್ತುತ ಲೇಖನ ಅವರ ವೃತ್ತಿಯನ್ನು ಕುರಿತದ್ದು. ಆದರೆ ಅದಕ್ಕೆ ಮೊದಲು, ಆಟಗಾರನ ಚಿತ್ರವೆಂದರೆ ಏನು, ಅದು ಸಾಮಾನ್ಯ ಭಾವಚಿತ್ರಕ್ಕಿಂತ ಹೇಗೆ ಬೇರೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ.

ಭಾವಚಿತ್ರದಲ್ಲಿ ಮನುಷ್ಯನು ಕೂತಿರುತ್ತಾನೆ; ಮುಖವೇ ಪ್ರಧಾನ. ಮೂಗು, ಕಣ್ಣು, ತುಟಿ ಹೋಲಿದರೆ ಚಿತ್ರ ಹೋಲಿತು. ಪೈಲವಾನನನ್ನು ಗುರುತಿಸುವ ಬಗೆ ಹಾಗಲ್ಲ. ಫಡದ ಆಚೆಯ ದಂಡೆಯಲ್ಲಿ, ಮುಖ ಕಾಣದಷ್ಟು ದೂರದಲ್ಲಿ, ಅವನು ತೊಡೆ ತಟ್ಟುವ ಠೀವಿಯಿಂದಲೇ ಜನ ಅವನ ಹೆಸರು ಹೇಳುತ್ತಾರೆ. ಬೌಲರನನ್ನು ಓಡಿಬರುವ ರೀತಿಯಿಂದ, ಬ್ಯಾಟುಗಾರನನ್ನು ನಿಲುವಿನಿಂದ ಬೆನ್ನಿನ ಕಡೆಯಿಂದಲೂ ಗುರುತಿಸಬಹುದು. ಇಲ್ಲಿ ಹೋಲಿಕೆ ಇರುವುದು ಮುಖದಲ್ಲಲ್ಲ, ಮೈಯ ಭಾರ ಎಲ್ಲಿ ಬಿದ್ದಿದೆ ಎಂಬುದರಲ್ಲಿ. ಚಿತ್ರಶಾಲೆಗಳಲ್ಲಿ ಕಲಿಸುವ ಒಂದು ಸರಳ ಸೂತ್ರವುಂಟು. ಸ್ವಸ್ಥವಾಗಿ ನಿಂತ ಮನುಷ್ಯನು ಒಂದೇ ಕಾಲಿನ ಮೇಲೆ ಭಾರ ಹಾಕಿದಾಗ ಅವನ ಕೊರಳ ಗುಳಿಯಿಂದ ಗೌಂಡಿಯು ತೂಗುಗುಂಡು ಬಿಟ್ಟಂತೆ ಗೆರೆಯೆಳೆದರೆ ಅದು ಆ ಪಾದದ ಹತ್ತಿರ ಬೀಳುತ್ತದೆ. ಓಡುವವನಲ್ಲಿ ಆ ಗೆರೆ ಪಾದವನ್ನು ಬಿಟ್ಟು ಮುಂದೆ ಬೀಳುತ್ತದೆ. ಕುಸ್ತಿ ಹಿಡಿದ ಇಬ್ಬರಲ್ಲಿ ಗೆರೆ ಇಬ್ಬರ ನಡುವೆ ಬೀಳುತ್ತದೆ. ಒಬ್ಬನನ್ನು ಅಳಿಸಿದರೆ ಮತ್ತೊಬ್ಬನು ಮುಗ್ಗರಿಸಬೇಕು. ನಮ್ಮ ಹುಡುಗರ ಚಿತ್ರದಲ್ಲಿ ಒಬ್ಬನನ್ನು ಅಳಿಸಿದರೂ ಇನ್ನೊಬ್ಬನು ನೆಟ್ಟಗೇ ನಿಂತಿರುತ್ತಾನೆ. ಇರುವ ದೋಷ ಇಷ್ಟೇ.

ಈ ವಿಚಾರ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ತುರೋರಿಯಿಂದ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೂ ಇದೆ, ಚಿತ್ರವಿದ್ಯೆಯೂ ಇದೆ. ಮಲ್ಲರ ದರ್ಜೆಗಳು, ಅವರ ಆಹಾರ, ವ್ಯಾಯಾಮ ಒಂದು ಕಡೆ. ಗೋಡೆ ಹದ ಮಾಡುವುದು, ಕುಂಚ, ಬಣ್ಣ ಇನ್ನೊಂದು ಕಡೆ. ಕನ್ನಡಿಯ ಪ್ರತಿಬಿಂಬದಂತೆ ಹೋಲುವ ಚಿತ್ರಕ್ಕೆ ಅವನು 'ವಿದ್ಧ' ಎನ್ನುತ್ತಾನೆ. ತಟ್ಟನೆ ಬರೆದು ಆಕಾರ ಮಾತ್ರ ಮೂಡಿಸಿದ್ದಕ್ಕೆ 'ಅವಿದ್ಧ' ಎನ್ನುತ್ತಾನೆ. ಆಟಗಾರನ ಚಿತ್ರ ಈ ಎರಡನೆಯ ಜಾತಿಗೆ ಹತ್ತಿರವೆಂದು ನನ್ನ ಅಭಿಪ್ರಾಯ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಹೆಣೆದುಕೊಂಡ ಮಲ್ಲರನ್ನು ಕಂಡವರಿಗೆ ನಮ್ಮ ಶಿಲ್ಪಿಗಳು ಮೈಯ ಭಾರವನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ಬೇರೆ ಹೇಳಬೇಕಿಲ್ಲ. ನಮ್ಮ ಕಾಲಕ್ಕೆ ಬಂದರೆ ಕಲಬುರ್ಗಿಯ ಎಸ್. ಎಂ. ಪಂಡಿತರು (೧೯೧೬–೧೯೯೩) ಇದ್ದಾರೆ. ಮುಂಬಯಿಯಲ್ಲಿ ಸಿನಿಮಾ ಪ್ರಚಾರಫಲಕಗಳಿಂದ ಹೆಸರಾಗಿ, ಮುಂದೆ ಪುರಾಣದ ಪ್ರಸಂಗಗಳನ್ನು ಬರೆದು ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆ ಸೇರಿದವರು. ಅವರ ವೀರರ ಭುಜ, ತೊಡೆಗಳನ್ನು ನೋಡಿದರೆ ಸ್ವರ್ಗದಿಂದ ಇಳಿದವರೆನಿಸುವುದಿಲ್ಲ, ತಾಲೀಮಿನಿಂದ ಎದ್ದು ಬಂದವರೆನಿಸುತ್ತದೆ. ಆದರೆ ಅವರು ಬರೆದದ್ದು ದೇವತೆಗಳನ್ನು, ಪುರಾಣಪುರುಷರನ್ನು. ಬದುಕಿರುವ ಆಟಗಾರನನ್ನು ಅವನ ಆಟದಲ್ಲೇ ಹಿಡಿಯುವುದನ್ನು ಜನ್ಮದ ವೃತ್ತಿ ಮಾಡಿಕೊಂಡವರನ್ನು ನೋಡಲು ನಾವು ಅಮೆರಿಕದತ್ತ ತಿರುಗಬೇಕು.

ಅಲ್ಲಿ ಕೂಡ ನೀಮನ್ನರು ಮೊದಲಿಗರಲ್ಲ. ಫಿಲಡೆಲ್ಫಿಯದ ಥಾಮಸ್ ಈಕಿನ್ಸ್ ೧೮೭೧ರಲ್ಲಿ ದೋಣಿಪಂದ್ಯದ ತನ್ನ ಗೆಳೆಯನನ್ನು ನದಿಯ ಮೇಲೆ ಚಿತ್ರಿಸಿದರು. ೧೮೯೮–೯೯ರ ಸುಮಾರಿಗೆ ಮುಷ್ಟಿಮಲ್ಲರನ್ನೂ ಜಟ್ಟಿಗಳನ್ನೂ ಬರೆದರು. ಅವರ ಒಂದು ಚಿತ್ರದಲ್ಲಿ ಹೊಡೆತವೇ ಇಲ್ಲ. ಎರಡು ಸುತ್ತುಗಳ ನಡುವೆ ಮೂಲೆಯಲ್ಲಿ ಕೂತು ದಣಿವಾರಿಸಿಕೊಳ್ಳುವ ಮಲ್ಲ, ಅವನಿಗೆ ಗಾಳಿ ಹಾಕುವ ಜೊತೆಗಾರ, ಅಷ್ಟೇ. ಜಾರ್ಜ್ ಬೆಲ್ಲೋಸ್ ೧೯೦೯ರಲ್ಲಿ ಬರೆದ ಚಿತ್ರದಲ್ಲಿ ಇಬ್ಬರು ಮುಷ್ಟಿಮಲ್ಲರು ಒಬ್ಬರ ಮೇಲೊಬ್ಬರು ಬಿದ್ದು ಒಂದೇ ಮೈಯಾಗಿದ್ದಾರೆ. ಯುರೋಪಿನ ಸಂಗತಿಯೂ ಒಂದನ್ನು ಹೇಳಬೇಕು. ೧೯೧೨ರಿಂದ ೧೯೪೮ರ ವರೆಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಚಿತ್ರಕಲೆಗೂ ಪದಕವಿತ್ತು. ವಿಷಯ ಮಾತ್ರ ಕ್ರೀಡೆಯೇ ಆಗಿರಬೇಕು. ೧೯೨೪ರಲ್ಲಿ ಜಾಕ್ ಯೇಟ್ಸ್ ಈಜುಪಂದ್ಯದ ಚಿತ್ರಕ್ಕೆ ಬೆಳ್ಳಿ ಪಡೆದರು. ಸ್ವತಂತ್ರ ಐರ್ಲೆಂಡಿಗೆ ಬಂದ ಮೊದಲ ಒಲಿಂಪಿಕ್ ಪದಕ ಅದೇ. ಆಟಗಾರನಿಂದಲ್ಲ, ಚಿತ್ರಗಾರನಿಂದ!

ಲೀರಾಯ್ ನೀಮನ್ನರು ೧೯೨೧ರ ಜೂನ್ ೮ರಂದು ಮಿನೆಸೋಟ ಸಂಸ್ಥಾನದಲ್ಲಿ ಜನಿಸಿದರು. ಬೆಳೆದದ್ದು ಸೇಂಟ್ ಪಾಲ್ ನಗರದಲ್ಲಿ. ರೈಲ್ವೆಯಲ್ಲಿ ದುಡಿಯುತ್ತಿದ್ದ ತಂದೆ ಸಂಸಾರವನ್ನು ಬಿಟ್ಟುಹೋದದ್ದರಿಂದ ಮಗು ಮಲತಂದೆಯ ಅಡ್ಡಹೆಸರನ್ನು ಪಡೆಯಿತು. ಬಡತನದ ಬಾಲ್ಯ. ಶಾಲೆಯ ಬಿಡುವಿನ ವೇಳೆಯಲ್ಲಿ ಸಹಪಾಠಿಗಳ ತೋಳಿನ ಮೇಲೆ ಮಸಿಯಿಂದ ಹಚ್ಚೆಯಂಥ ಚಿತ್ರ ಬರೆದು ಮೆಚ್ಚುಗೆ ಗಳಿಸುತ್ತಿದ್ದರು. ಆ ಕಾಲದ ಗುರುಗಳು ಏನು ಶಿಕ್ಷೆ ಕೊಟ್ಟರೆಂದು ನನಗೆ ಸಹಜವಾಗಿ ಕುತೂಹಲ. ಕಿರಾಣಿ ಅಂಗಡಿಗಳ ಗಾಜಿನ ಮೇಲೆ ಆ ದಿನದ ಮಾಲಿನ ಚಿತ್ರ ಮತ್ತು ದರ ಬರೆಯುವುದು ಅವರ ಮೊದಲ ಸಂಪಾದನೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿದರು, ಹುದ್ದೆ ಅಡಿಗೆಯವನದು. ಅಲ್ಲಿಯೂ ಊಟದ ಕೋಣೆಗಳ ಗೋಡೆ ಖಾಲಿ ಬಿಡಲಿಲ್ಲ. ೧೯೪೬ರಲ್ಲಿ ಬಿಡುಗಡೆಯಾಗಿ, ಯುದ್ಧದಿಂದ ಮರಳಿದವರ ಶಿಕ್ಷಣಕ್ಕೆ ಅಲ್ಲಿನ ಸರಕಾರ ಕೊಡುತ್ತಿದ್ದ ನೆರವಿನಿಂದ ಶಿಕಾಗೋದ ಕಲಾಶಾಲೆಯಲ್ಲಿ ಕಲಿತರು. ಮುಂದೆ ಅದೇ ಶಾಲೆಯಲ್ಲಿ ಸುಮಾರು ಹತ್ತು ವರ್ಷ ಅಧ್ಯಾಪಕರಾಗಿದ್ದರು. ಅರ್ಥಾತ್ ಇವರು ನಮ್ಮ ವೃತ್ತಿಬಾಂಧವರೂ ಹೌದು.

ಅವರ ಶೈಲಿ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ೧೯೫೦ರ ದಶಕದ ಆರಂಭದಲ್ಲಿ ಪಕ್ಕದ ಕಟ್ಟಡದ ಕಾವಲಿನವನು ಬಾಗಿಲು ಕಿಟಕಿಗಳಿಗೆ ಬಳಿದು ಉಳಿದ ಆಯಿಲ್ ಪೇಂಟಿನ ಅರ್ಧಂಬರ್ಧ ಡಬ್ಬಗಳನ್ನು ಹೊರಗೆ ಎಸೆದ. ನೀಮನ್ನರು ಅವನ್ನು ಎತ್ತಿಕೊಂಡು ಬಂದರು. ಕಲಾವಿದರು ಬಳಸುವ ಕೊಳವೆಯ ಎಣ್ಣೆಬಣ್ಣ ಗಟ್ಟಿ, ನಿಧಾನವಾಗಿ ಒಣಗುವಂಥದು, ಅದನ್ನು ದಿನಗಟ್ಟಲೆ ತಿದ್ದಬಹುದು, ಒಂದಕ್ಕೊಂದು ಬೆರೆಸಬಹುದು. ಬಾಗಿಲಿನ ಪೇಂಟು ಹಾಗಲ್ಲ. ತೆಳ್ಳಗೆ ಹರಿಯುತ್ತದೆ, ಬೇಗ ಒಣಗುತ್ತದೆ, ಕೈಯನ್ನು ಅವಸರಪಡಿಸುತ್ತದೆ. ತಿದ್ದುತ್ತ ಕೂಡಲು ಅವಕಾಶವಿಲ್ಲದ್ದರಿಂದ ಒಂದೊಂದು ಬೀಸೂ ನಿರ್ಧಾರದ ಬೀಸಾಗಬೇಕಾಯಿತು. ಇಂಥ ಬಣ್ಣವನ್ನು ಜಾಕ್ಸನ್ ಪೊಲಾಕ್ ಮೊದಲಾದ ಅಮೂರ್ತ ಚಿತ್ರಕಾರರು ಅದಕ್ಕೆ ಮೊದಲೇ ಬಳಸಿದ್ದರು, ನಿಜ. ಆದರೆ ಓಡುವ ಕುದುರೆಗೂ ಹೊಡೆದಾಡುವ ಮಲ್ಲನಿಗೂ ಆ ಅವಸರ ಹೊಂದುತ್ತದೆಂದು ಕಂಡುಕೊಂಡದ್ದು ನೀಮನ್ನರ ಹೆಚ್ಚಳ. ಮೈಯ ಬಣ್ಣ ಕಂದು ಎಂದು ಕಂದನ್ನೇ ಬಳಿಯಲಿಲ್ಲ. ಭುಜದ ಮೇಲೆ ನೀಲಿ, ಪಕ್ಕೆಯ ಮೇಲೆ ಕೆಂಪು, ತೊಡೆಯ ಮೇಲೆ ಹಸಿರು, ಹೀಗೆ ಗೆರೆ ಗೆರೆಯಾಗಿ ಹಾಕಿದರು. ಹತ್ತಿರ ನಿಂತರೆ ಹೋಳಿಯಾಡಿ ಬಂದವನಂತೆ ಕಾಣುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದರೆ ಮೈ ಚಲಿಸುತ್ತದೆ.

ಬಟ್ಟೆಯಂಗಡಿಯೊಂದರ ಜಾಹೀರಾತಿಗೆ ಚಿತ್ರ ಬರೆಯುತ್ತಿದ್ದಾಗ ಆದ ಪರಿಚಯದಿಂದ ೧೯೫೪ರಲ್ಲಿ 'ಪ್ಲೇಬಾಯ್' ಎಂಬ ಗಂಡಸರ ಪತ್ರಿಕೆಯಲ್ಲಿ ಅವರಿಗೆ ಕೆಲಸ ದೊರೆಯಿತು. ಆ ಪತ್ರಿಕೆ ನಮ್ಮ ಶಾಲಾ ವಾಚನಾಲಯದಲ್ಲಿ ಇಡುವಂಥದಲ್ಲ. ಆದರೆ ಅದರ ಖರ್ಚಿನಲ್ಲಿ ಅವರು ದೇಶವಿದೇಶಗಳ ಕುದುರೆಪಂದ್ಯ, ಮೋಟಾರು ಪಂದ್ಯ, ಮುಷ್ಟಿಯುದ್ಧಗಳನ್ನು ಕಂಡು ಬರೆದರೆಂಬುದನ್ನು ಮುಚ್ಚಿಡುವುದೂ ಸರಿಯಲ್ಲ. ೧೯೬೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿದ ಮೇಲೆ ಅಖಾಡದ ಹಗ್ಗದ ಪಕ್ಕದಲ್ಲಿ, ಆಟಗಾರರ ಉಡುಪಿನ ಕೋಣೆಯಲ್ಲಿ, ಕೈಯಲ್ಲಿ ಚಿತ್ರಪುಸ್ತಕ ಹಿಡಿದ ದಪ್ಪ ಮೀಸೆಯ, ಬಾಯಲ್ಲಿ ಚುಟ್ಟಾ ಕಚ್ಚಿದ ಈ ಮನುಷ್ಯ ಎಲ್ಲರಿಗೂ ಪರಿಚಿತನಾದ.

ಮಹಮ್ಮದ್ ಅಲಿಯನ್ನು ಅವರು ಬರೆಯತೊಡಗಿದಾಗ ಅವನು ಇನ್ನೂ ಕ್ಯಾಸಿಯಸ್ ಕ್ಲೇ ಎಂಬ ತರುಣ. ಮುಂದೆ ವರ್ಷಗಟ್ಟಲೆ ಅವನನ್ನು ಬಿಡಲಿಲ್ಲ. ಪಂದ್ಯಕ್ಕೆ ಮೊದಲಿನ ಕೋಣೆಯ ನಿಶ್ಶಬ್ದ, ಕೈಗೆ ಪಟ್ಟಿ ಸುತ್ತಿಸಿಕೊಳ್ಳುವಾಗಿನ ಬಾಗಿದ ತಲೆ, ಅಂಕಣದಲ್ಲಿ ಕುಣಿಯುವ ಕಾಲು, ಎಲ್ಲವೂ ಕಾಗದಕ್ಕೆ ಇಳಿದವು. ಅಲಿಗೂ ಚಿತ್ರ ಬರೆಯುವ ಹವ್ಯಾಸವಿತ್ತು. ಅದಕ್ಕೆ ಕಾರಣವೂ ಉಂಟು. ಅವನ ತಂದೆ ಲೂಯಿವಿಲ್ ನಗರದಲ್ಲಿ ಅಂಗಡಿಯ ಬೋರ್ಡುಗಳನ್ನು ಬರೆದು ಸಂಸಾರ ನಡೆಸಿದ ಪೇಂಟರ್. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ.

೧೯೭೨ರಲ್ಲಿ ಮ್ಯೂನಿಕ್ ಒಲಿಂಪಿಕ್‌ನಿಂದ ಮೊದಲಾಗಿ ಅವರು ಒಲಿಂಪಿಕ್ ಕ್ರೀಡೆಗಳಿಗೆ ಚಿತ್ರಕಾರರಾಗಿ ಹೋದರು. ೧೯೭೬ರಲ್ಲಿ ಮಾಂಟ್ರಿಯಲ್‌ನಲ್ಲಿ ದೂರದರ್ಶನದ ಕ್ಯಾಮೆರಾದ ಮುಂದೆ ನಿಂತು ದೊಡ್ಡ ಚಿತ್ರವನ್ನು ಬರೆಯುತ್ತಿದ್ದುದನ್ನು ಕೋಟ್ಯಂತರ ಜನ ನೋಡಿದರು. ಚಿತ್ರ ಬರೆಯುವುದನ್ನೇ ಒಂದು ಆಟದಂತೆ ಜನ ಕೂತು ನೋಡಿದ್ದು ವಿಚಿತ್ರವಲ್ಲವೆ? ೧೯೭೨ರಲ್ಲಿಯೇ ಅವರು ಐಸ್‌ಲೆಂಡಿನ ರೇಕ್ಯಾವಿಕ್‌ಗೂ ಹೋಗಿದ್ದರು. ಅಲ್ಲಿ ಬಾಬಿ ಫಿಶರ್ ಮತ್ತು ಬೋರಿಸ್ ಸ್ಪಾಸ್ಕಿಯರ ಚದುರಂಗ. ಇಬ್ಬರು ಮನುಷ್ಯರು ಮೇಜಿನ ಎದುರುಬದುರು ಗಂಟೆಗಟ್ಟಲೆ ಅಲುಗದೆ ಕೂತ ಆಟವನ್ನು ಚಲನೆಯ ಚಿತ್ರಕಾರನು ಬರೆಯುವುದೆಂತು? ಬಾಗಿದ ಬೆನ್ನು, ಗಲ್ಲಕ್ಕೆ ಊರಿದ ಕೈ, ಮೇಜಿನಡಿಯ ಕಾಲುಗಳಲ್ಲಿ ಅವರು ಹೋರಾಟವನ್ನು ಹುಡುಕಿದರು. ಮೇಲೆ ಹೇಳಿದ ಭಾರದ ಸೂತ್ರ ಇಲ್ಲಿಯೂ ನಡೆಯುತ್ತದೆ.

ಅವರ ಸಂಪತ್ತಿಗೆ ಕಾರಣವಾದದ್ದು ಮೂಲಚಿತ್ರಗಳಿಗಿಂತ ಹೆಚ್ಚಾಗಿ ಮುದ್ರಿತ ಪ್ರತಿಗಳು. ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನವನ್ನೇ ಸೂಕ್ಷ್ಮವಾಗಿ, ಬಣ್ಣಕ್ಕೊಂದು ಪರದೆಯಂತೆ ಬಳಸಿ, ಎಣಿಸಿದ ಕೆಲವು ನೂರು ಪ್ರತಿ ತೆಗೆದು, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ ರುಜು ಮಾಡಿ ಮಾರುತ್ತಿದ್ದರು. ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ, ವೈದ್ಯರ, ವಕೀಲರ ಕೋಣೆಗಳಲ್ಲಿ ಇವು ತೂಗಿದವು. ಗಳಿಕೆಯಲ್ಲಿ ೬೦ ಲಕ್ಷ ಡಾಲರನ್ನು ೧೯೯೦ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಮುದ್ರಣಕಲೆಯ ಅಧ್ಯಯನಕೇಂದ್ರಕ್ಕಾಗಿ ಕೊಟ್ಟರು. ೨೦೧೦ರಲ್ಲಿ ರಕ್ತನಾಳದ ವ್ಯಾಧಿಯಿಂದ ಒಂದು ಕಾಲನ್ನು ಕಳೆದುಕೊಂಡರು. ಆತ್ಮಕಥೆ ಪ್ರಕಟವಾದ ತಿಂಗಳಿನಲ್ಲೇ, ೨೦೧೨ರ ಜೂನ್ ೨೦ರಂದು, ೯೧ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಇನ್ನು ವಿಮರ್ಶಕರ ಮಾತು. ಇಷ್ಟು ಜನಪ್ರಿಯತೆ ಪಡೆದ ನೀಮನ್ನರನ್ನು ಕಲಾವಿಮರ್ಶಕರು ಹತ್ತಿರ ಸೇರಿಸಲಿಲ್ಲ. ಹಿಲ್ಟನ್ ಕ್ರೇಮರ್ ಎಂಬ ಹೆಸರಾಂತ ವಿಮರ್ಶಕರನ್ನು ಇವರ ಬಗ್ಗೆ ಅಭಿಪ್ರಾಯ ಕೇಳಿದಾಗ, ತಾನು ಆತನ ಕುರಿತು ಎಂದೂ ಯೋಚಿಸುವುದೇ ಇಲ್ಲವಾದ್ದರಿಂದ ಹೇಳುವುದು ಕಷ್ಟ ಎಂಬರ್ಥದ ಉತ್ತರ ಕೊಟ್ಟರಂತೆ. ಬೈಗುಳವಾಗಿದ್ದರೆ ಸಹಿಸಬಹುದಿತ್ತು! ನಮ್ಮ ಪಂಡಿತರ ಚಿತ್ರಗಳನ್ನೂ 'ಕ್ಯಾಲೆಂಡರ್ ಕಲೆ' ಎಂದು ಮೂಗು ಮುರಿದವರುಂಟು. ಜನರ ಗೋಡೆಯ ಮೇಲೆ ಏರಿದ್ದೇ ಅಪರಾಧವೆಂಬ ಈ ಧೋರಣೆ ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ವಿಮರ್ಶಕರ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ನೀಮನ್ನರ ನೂರು ಚಿತ್ರಗಳನ್ನು ಸಾಲಾಗಿ ನೋಡಿದರೆ ಬಣ್ಣದ ಅಬ್ಬರ ಒಂದೇ ಬಗೆಯದಾಗಿ ಕಣ್ಣು ದಣಿಯುತ್ತದೆ. ಅವರಿಗೆ ಗೆದ್ದವರ ಮೇಲೆ, ಹೆಸರಾದವರ ಮೇಲೆ ಒಲವು ಹೆಚ್ಚು. ಸೋತವನು, ಮುದುಕನಾದ ಆಟಗಾರ, ಹೆಸರಿಲ್ಲದವನು ಅಲ್ಲಿ ವಿರಳ. ಈಕಿನ್ಸರ ಆ ದಣಿದು ಕೂತ ಮಲ್ಲನ ಮುಂದೆ ನೀಮನ್ನರ ಎಷ್ಟೋ ಚಿತ್ರಗಳು ಗದ್ದಲವೆನಿಸುತ್ತವೆ. ಆದರೆ ಅವರ ಬಣ್ಣದ ದೊಡ್ಡ ಚಿತ್ರಗಳಿಗಿಂತ, ಸ್ಥಳದಲ್ಲೇ ಕೂತು ಪೆನ್ನಿನಿಂದ ಗೀಚಿದ ಕಪ್ಪುಗೆರೆಯ ಚಿಕ್ಕ ಚಿತ್ರಗಳನ್ನು ಶಿಕ್ಷಕರು ನೋಡಬೇಕೆಂದು ನನ್ನ ವಿನಂತಿ. ಅಲ್ಲಿ ಗದ್ದಲವಿಲ್ಲ. ಐದಾರು ಗೆರೆಗಳಲ್ಲಿ ಒಂದು ಭುಜ, ಒಂದು ಹಿಮ್ಮಡಿ. ಅಷ್ಟರಲ್ಲಿ ಅಲಿ ಬಂದುಬಿಟ್ಟಿರುತ್ತಾನೆ. ಅವಿದ್ಧವೆಂದು ಸೋಮೇಶ್ವರನು ಹೇಳಿದ್ದು ಇಂಥದನ್ನೇ ಇರಬೇಕು.

ನಮ್ಮ ಭಾಗಕ್ಕೆ ಮರಳೋಣ. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರರು ೧೯೬೯ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. ೧೯೭೦ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು. ಅನಂತರ ಅನೇಕ ಮಲ್ಲರನ್ನು ತಯಾರು ಮಾಡಿ ೨೦೧೧ರಲ್ಲಿ ತೀರಿಕೊಂಡರು. ತಾಲೀಮುಗಳಲ್ಲಿ ನಾನು ಕಂಡ ಅವರ ಚಿತ್ರಗಳೆಲ್ಲ ಫೋಟೊಗಳು. ಕೊರಳಲ್ಲಿ ಹಾರ, ಹೆಗಲ ಮೇಲೆ ಗದೆ, ಸ್ಟುಡಿಯೋದವನ ಅಪ್ಪಣೆಯಂತೆ ಬಿಗಿದು ನಿಂತ ನಿಲುವು. ಆ ಫೋಟೊ ನೋಡಿದ ಹುಡುಗನಿಗೆ ಅವರು ದೊಡ್ಡ ಪೈಲವಾನರೆಂದು ತಿಳಿಯುತ್ತದೆ. ಹೇಗೆ ಕುಸ್ತಿ ಹಿಡಿಯುತ್ತಿದ್ದರೆಂದು ತಿಳಿಯಲು ಕಂಡ ಮುದುಕರನ್ನೇ ಕೇಳಬೇಕು. ಆ ಮುದುಕರೂ ಬಾಯಲ್ಲಿ ಹೇಳುವುದಿಲ್ಲ, ಎದ್ದು ನಿಂತು ಮಾಡಿ ತೋರಿಸುತ್ತಾರೆ.

ಹೋದ ಎರಡು ಜಾತ್ರೆಗಳಿಂದ ನಮ್ಮ ಹುಡುಗರನ್ನು ಪುಸ್ತಕ ಪೆನ್ಸಿಲು ಸಹಿತ ಫಡಕ್ಕೆ ಕರೆದೊಯ್ಯುತ್ತಿದ್ದೇನೆ. ಕುಸ್ತಿ ಕೂಗುವುದು ಮರಾಠಿಯಲ್ಲಿ, ಸುತ್ತಲಿನವರು ಕಿರಿಚುವುದು ಕನ್ನಡದಲ್ಲಿ. ಇದರ ನಡುವೆ ಹುಡುಗರು ಮಣ್ಣಿನ ದಂಡೆಯ ಮೇಲೆ ಸಾಲಾಗಿ ಕೂಡುತ್ತಾರೆ. ನಿಯಮ ಎರಡೇ. ರಬ್ಬರು ತರಕೂಡದು, ಒಂದು ಚಿತ್ರಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯಕೂಡದು. ಮೊದಲ ವರ್ಷ ಬಂದದ್ದು ಬಹುಪಾಲು ಗೋಜಲು. ಒಬ್ಬ ಹುಡುಗಿ ಮಾತ್ರ ಕುಸ್ತಿಯನ್ನೇ ಬಿಟ್ಟು, ಸೋತು ಬಂದು ಮೈಯ ಮಣ್ಣು ಕೊಡವಿಕೊಳ್ಳುತ್ತಿದ್ದವನನ್ನು ಬೆನ್ನಿನ ಕಡೆಯಿಂದ ಬರೆದಿದ್ದಳು. ಮುಖವಿಲ್ಲ. ಆದರೂ ಮಗ್ಗುಲ ಊರಿನವರು ನೋಡಿ ಅವನು ಯಾರೆಂದು ಹೆಸರು ಹೇಳಿದರು.

ಈ ವರ್ಷ ಬೋರ್ಡು ಬರೆಯುವ ಆ ನನ್ನ ಹಳೆಯ ವಿದ್ಯಾರ್ಥಿಯನ್ನೂ ಬರಹೇಳಿದ್ದೆ. ಬಂದ. ಹುಡುಗರ ಪಕ್ಕದಲ್ಲಿ ಕೂತು, ಹಾಳೆ ಬೇಡವೆಂದು, ರಟ್ಟಿನ ಹಿಂಬದಿಗೆ ಕುಂಚದಿಂದಲೇ ಏಳೆಂಟು ಚಿತ್ರ ಹಾಕಿದ. ಅಕ್ಷರ ಬರೆದು ಪಳಗಿದ ಕೈ, ಗೆರೆ ನಡುಗುವುದಿಲ್ಲ. ಅವುಗಳಲ್ಲಿ ಮೂರನ್ನು ಚಿತ್ರಕಲಾ ಕೋಣೆಯ ಗೋಡೆಗೆ ಹಚ್ಚಿದ್ದೇವೆ, ಉಳಿದವನ್ನು ತಾಲೀಮಿನವರು ಕೇಳಿ ಒಯ್ದರು.